ಅಪ್‌ಡೇಟ್: ಸ್ಟಾರ್ಟ್ ಒತ್ತಿದರೂ ಕನ್ವೇಯರ್ ಓಡದಿದ್ದಕ್ಕೆ ಕಾರಣ ಸಿಕ್ಕಿತು

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಕನ್ವೇಯರ್‌ಗೆ ಬರೆದ ಲ್ಯಾಡರ್‌ನಲ್ಲಿ (ಯಂತ್ರ ನಡೆಸುವ ಪಿಎಲ್‌ಸಿ ಎಂಬ ಕಂಟ್ರೋಲರ್‌ಗೆ ಏಣಿಯ ಚಿತ್ರದಂತೆ ಬರೆಯುವ ಪ್ರೋಗ್ರಾಂ), ಸ್ಟಾರ್ಟ್ ಒತ್ತಿದರೂ ಔಟ್‌ಪುಟ್ ಬರುತ್ತಿಲ್ಲ ಅಂತ ಕೇಳಿದ್ದೆ.

ಎಡವಟ್ಟು ಸ್ಟಾಪ್ ಬಟನ್‌ನಲ್ಲಿತ್ತು. ಪ್ಯಾನಲ್‌ನಲ್ಲಿ ಅದು ಎನ್‌ಸಿ (ಒತ್ತದಿದ್ದಾಗ ಕರೆಂಟ್ ಹರಿಯುವ, ಒತ್ತಿದರೆ ಕಡಿಯುವ ಬಗೆ). ಒತ್ತದಿದ್ದಾಗ ಇನ್‌ಪುಟ್‌ಗೆ 24 ವೋಲ್ಟ್ ಬಂದೇ ಇರುತ್ತದೆ, ಆ ಇನ್‌ಪುಟ್ ಐ0.1ರ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಲ್ಯಾಡರ್‌ನಲ್ಲೂ ಎನ್‌ಸಿ ಚಿಹ್ನೆಯನ್ನೇ ಹಾಕಿದ್ದೆ. ಅದರ ಅರ್ಥ ‘ಬಿಟ್ 0 ಇದ್ದರೆ ಮಾತ್ರ ದಾರಿ ಬಿಡು’. ಇಲ್ಲಿ 24 ವೋಲ್ಟ್ ಇರುವುದರಿಂದ ಬಿಟ್ 1, ಹಾಗಾಗಿ ರಂಗ್ (ಲ್ಯಾಡರ್‌ನ ಒಂದು ಸಾಲು) ಅಲ್ಲೇ ಕಡಿಯುತ್ತಿತ್ತು. ಚಿಹ್ನೆಯನ್ನು ಎನ್‌ಒ (ಬಿಟ್ 1 ಇದ್ದರೆ ದಾರಿ ಬಿಡುವುದು) ಮಾಡಿದ ಕೂಡಲೇ ಆ ರಂಗ್ ಸರಿಯಾಯ್ತು.

ಬಟನ್ನನ್ನೇ ಎನ್‌ಒ (ಒತ್ತಿದರೆ ಮಾತ್ರ ಕರೆಂಟ್ ಹರಿಯುವ ಬಗೆ) ಮಾಡಿದರಾಯ್ತಲ್ಲ ಅಂದವರಿಗೆ: ಬೇಡ. ಇಲಿ ವೈರ್ ಕಡಿದರೆ ಆಮೇಲೆ ಸ್ಟಾಪ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ. ಎನ್‌ಸಿ ಇದ್ದರೆ ವೈರ್ ಕಡಿದ ಕ್ಷಣವೇ ನಿಲ್ಲುತ್ತದೆ. ಎಮರ್ಜೆನ್ಸಿ ಸ್ಟಾಪ್ ಅಂತೂ ಪ್ರೋಗ್ರಾಂ ನಂಬಿಕೊಂಡಿರಬಾರದು, ಕಾಂಟ್ಯಾಕ್ಟರ್ (ಮೋಟಾರ್‌ಗೆ ಕರೆಂಟ್ ಕೊಡುವ ಸ್ವಿಚ್) ಕಾಯಿಲ್‌ನ ಸಪ್ಲೈಯನ್ನೇ ನೇರ ಕತ್ತರಿಸಬೇಕು.

ಆಮೇಲೂ ಸ್ಟಾರ್ಟ್ ಒತ್ತಿದರೆ ಮೋಟಾರ್ ಓಡುತ್ತಿರಲಿಲ್ಲ. ಸ್ಟಾರ್ಟ್‌ಗೆ ಪ್ಯಾರಲಲ್ ಆಗಿ ಕ್ಯೂ0.0 (ಮೋಟಾರ್‌ನ ಔಟ್‌ಪುಟ್) ಕಾಂಟ್ಯಾಕ್ಟ್ ಇತ್ತು, ಲ್ಯಾಚ್ (ಸ್ಟಾರ್ಟ್‌ನಿಂದ ಕೈ ತೆಗೆದರೂ ಆನ್ ಆಗಿಯೇ ಉಳಿಸುವ ಜೋಡಣೆ) ಸರಿಯೇ. ಆದರೆ ಕೆಳಗಿನ ಜಾಗ್ (ಒತ್ತಿದಷ್ಟು ಹೊತ್ತು ಮಾತ್ರ ಓಡಿಸುವ) ರಂಗ್‌ನಲ್ಲೂ ಅದೇ ಕ್ಯೂ0.0 ಕಾಯಿಲ್ (ಔಟ್‌ಪುಟ್ ಚಿಹ್ನೆ)! ಸ್ಕ್ಯಾನ್ (ಪಿಎಲ್‌ಸಿ ಪ್ರೋಗ್ರಾಂ ಓದುವುದು) ಮೇಲಿಂದ ಕೆಳಕ್ಕೆ ಹೋಗುವುದರಿಂದ ಕೊನೆಗೆ ಬರೆದದ್ದೇ ಉಳಿಯುತ್ತದೆ; ಜಾಗ್ ಒತ್ತದಿದ್ದಾಗ ಅದು 0. ಎರಡು ರಂಗ್‌ಗೂ ಬೇರೆ ಬೇರೆ ಮೆಮೊರಿ ಬಿಟ್ (ಪಿಎಲ್‌ಸಿ ಒಳಗಿನ ನೆನಪಿನ ಜಾಗ) ಕೊಟ್ಟು, ಕೊನೆಯ ಒಂದೇ ರಂಗ್‌ನಲ್ಲಿ ಪ್ಯಾರಲಲ್ ಸೇರಿಸಿ ಕ್ಯೂ0.0ಗೆ ಕೊಟ್ಟೆ. ಈಗ ಓಡುತ್ತಿದೆ.