ಬಿಸಿಲಿಗೆ ಮುಂಚೆ ಹೋಮೋಬ್ರಾಸಿನೊಲೈಡ್: ಹೊಡೆದು ನೋಡಿದವರ ಮಾತು

ಕೇಳಿದ್ದು: ಟೊಮ್ಯಾಟೊಗೆ ಮೊಗ್ಗು ಬಂದಿದೆ. ಬಿಸಿಲು ಏರಿದರೆ ಪ್ರತಿ ಸಲ ಹೂ ಉದುರುತ್ತದೆ. ಹೋಮೋಬ್ರಾಸಿನೊಲೈಡ್ ಅನ್ನೋ ಗಿಡದ ಹಾರ್ಮೋನು ಹೊಡಿ ಅಂತಾರೆ. ಅದು ಸ್ಟೀರಾಯ್ಡ್ ಅಂತೆ, ಅದಕ್ಕೇ ಭಯ. ಬಳಸಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ: ಭಯ ಬೇಡ ಸರ್. ಈ ಜಾತಿಯ ಹಾರ್ಮೋನು ಎಲ್ಲ ಗಿಡದಲ್ಲೂ ಇರುತ್ತದೆ. 1979ರಲ್ಲಿ ಸಾಸಿವೆ ಕುಲದ ರೇಪ್ ಗಿಡದ ಪರಾಗದಿಂದ ಇದೇ ಜಾತಿಯ ಬ್ರಾಸಿನೊಲೈಡ್ ಬೇರ್ಪಡಿಸಿದರು. ಜೇನುಹುಳು ಕೂಡಿಟ್ಟ 227 ಕಿಲೋ ಪರಾಗಕ್ಕೆ ಸಿಕ್ಕಿದ್ದು ಬರೀ 4 ಮಿಲಿಗ್ರಾಂ! ಗಿಡಕ್ಕೆ ಎಷ್ಟು ಸಾಕು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ನಾನು ಎಡವಿದ್ದೂ ಅಲ್ಲೇ. ನನ್ನದು 0.04 ಪರ್ಸೆಂಟ್ ದ್ರಾವಣ, ಲೀಟರ್ ನೀರಿಗೆ 1 ಮಿ.ಲೀ. ಅಂದರೆ 10 ಲಕ್ಷ ಪಾಲು ನೀರಲ್ಲಿ ಅರ್ಧ ಪಾಲು ಹಾರ್ಮೋನೂ ಇಲ್ಲ. ಇಷ್ಟರಲ್ಲಿ ಏನಾಗುತ್ತದೆ ಅಂತ ಮುಚ್ಚಳದಲ್ಲಿ ಅಂದಾಜಿಗೆ ಸುರಿದೆ. ಸಸಿಗಳು ಸರ್ರನೆ ಎದ್ದವು. ಗೆಣ್ಣಿಗೂ ಗೆಣ್ಣಿಗೂ ದೂರ, ಕಾಂಡ ಪೀಚು. ಒಂದನ್ನು ಕಿತ್ತು ನೋಡಿದರೆ ಬೇರು ಮೋಟು. ಈಗ ಲೇಬಲ್ ಓದಿ ಸಿರಿಂಜಿನಲ್ಲೇ ಅಳೆಯುತ್ತೇನೆ.

ಇನ್ನೊಂದು, ಬಾಡಿದ ಮೇಲೆ ಹೊಡೆದಾಗ ನನಗೆ ಫಲ ಕಾಣಲಿಲ್ಲ. ಶಾಖಕ್ಕೆ ಪ್ರೋಟೀನು ಕೆಡದಂತೆ ಕಾಯುವ ಹೀಟ್ ಶಾಕ್ ಪ್ರೋಟೀನುಗಳು ಹೆಚ್ಚುವುದಕ್ಕೆ ಇದು ನೆರವಾಗುತ್ತದೆ. ಅದಕ್ಕೆ ಟೈಮ್ ಬೇಕು. ಮೊಗ್ಗಿನಲ್ಲೇ, ಸಂಜೆ ಹೊಡೆಯಿರಿ.

ಎರಡನೇ ಉತ್ತರ: ಎಲೆಯ ಎರಡೂ ಮಗ್ಗುಲು ನೆನೆಯಲಿ ಅಣ್ಣಾ. ಗಿಡ ತಾನೇ ಮಾಡಿಕೊಳ್ಳುವ ಈ ಹಾರ್ಮೋನು ದೂರ ಹೋಗುವುದಿಲ್ಲ, ಹುಟ್ಟಿದ ಜಾಗದ ಆಸುಪಾಸಲ್ಲೇ ಅದರ ಕೆಲಸ. ತುದಿಗೆ ಹೊಡೆದರೆ ಬುಡಕ್ಕೂ ತಲುಪುತ್ತದೆ ಅಂತ ನಾನಂತೂ ನಂಬಿ ಕೂರುವುದಿಲ್ಲ.

ಮೂರನೇ ಉತ್ತರ: ನನಗೆ ಅರ್ಧ ನಂಬಿಕೆ. ಒಂದು ಸಾಲು ಹೊಡೆಯದೆ ಬಿಟ್ಟಿದ್ದೆ. ಬಿಸಿಲಿನ ವಾರದಲ್ಲಿ ಹೊಡೆದ ಸಾಲಲ್ಲಿ ಕಾಯಿ ಸ್ವಲ್ಪ ಜಾಸ್ತಿ ನಿಂತಿತು. ನೀರು ಸಾಲದ ಮೂಲೆಯಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ. ಒಣಗುವಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನೋ ಇನ್ನೊಂದು ಹಾರ್ಮೋನು ಏರಿ ಎಲೆಯ ರಂಧ್ರ ಮುಚ್ಚಿಸುತ್ತದೆ, ಬೆಳೆಯಬೇಡ ಸುಮ್ನಿರು ಅನ್ನುತ್ತದೆ. ಹೋಮೋಬ್ರಾಸಿನೊಲೈಡ್ ‘ಬೆಳೆಯುತ್ತಾ ಹೋಗು’ ಅನ್ನುತ್ತದೆ. ಎಷ್ಟೋ ಕಡೆ ಎರಡಕ್ಕೂ ಜಗಳ. ನೀರಿಲ್ಲದಿದ್ದರೆ ಮೊದಲು ನೀರು ನೋಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾಳೆ ಸಂಜೆ ಹೊಡೆಯುತ್ತೇನೆ, ಎರಡು ಸಾಲು ಬಿಟ್ಟು. ಜೊತೆಗೆ ಬೋರಾನ್ ಪೋಷಕಾಂಶ ಬೆರೆಸಲಾ?

ಮೂರನೇಯವರು: ಈ ಸಲ ಬೇಡ. ಹೂ ನಿಂತರೆ ಯಾವುದರಿಂದ ನಿಂತಿತು ಅಂತ ಹೇಗೆ ಹೇಳುತ್ತೀರಿ?