ಮಾತು ತಡ ಅಂತ ಬುದ್ಧಿ ಅಳೆಯಬೇಡ

ನೋಡಮ್ಮ, ನಿನ್ನ ಮೆಸೇಜ್ ಈಗ ಕೇಳಿದೆ. ಪುಟ್ಟನಿಗೆ ಎರಡು ವರ್ಷ ತುಂಬಿತು, ನಾಲ್ಕೈದು ಪದದ ಮೇಲೆ ಮಾತಿಲ್ಲ, ಬುದ್ಧಿ ಮಂದವೇನೋ, ಐಕ್ಯೂ ಟೆಸ್ಟ್ ಮಾಡಿಸಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ನಿನ್ನ ದನಿ ನಡುಗುತ್ತಿತ್ತು. ಮಾತು ತಡವಾಯಿತು ಅಂದ ಮಾತ್ರಕ್ಕೆ ಬುದ್ಧಿ ಕಮ್ಮಿ ಅಂದುಕೊಳ್ಳಬೇಡ ಕಣಮ್ಮ.

ನಮ್ಮ ದೊಡ್ಡವನ ಕಥೆ ನಿಮಗೆಲ್ಲ ಗೊತ್ತೇ ಇದೆ. ಎರಡೂವರೆ ವರ್ಷವಾದರೂ 'ಅಮ್ಮ', 'ಬಾ' ಬಿಟ್ಟರೆ ಇನ್ನೊಂದು ಪದ ಇರಲಿಲ್ಲ. ಮನೆಗೆ ಬಂದವರೊಬ್ಬರು ಎರಡು ನಿಮಿಷ ನೋಡಿ, 'ಮಗು ಸ್ವಲ್ಪ ಮಂದ' ಅಂದುಬಿಟ್ಟರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು ನೋಡು. ಆಮೇಲೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ. ಕರೆದರೆ ತಿರುಗಲಿಲ್ಲ, ಮಂದ. ಹೇಳಿದ್ದು ತರಲಿಲ್ಲ, ಮಂದ. ಮೂರು ಲೋಟ ಬೋರಲು ಹಾಕಿ ಒಂದರ ಕೆಳಗೆ ಚೆಂಡು ಮುಚ್ಚಿಟ್ಟರೆ, ಸರಿಯಾದ ಲೋಟವನ್ನೇ ಎತ್ತಿ ನನ್ನ ಮುಖ ನೋಡಿ ನಗುತ್ತಿದ್ದ. ಅದು ಮಾತ್ರ ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ನಿಜ ಏನಂದರೆ, ಅವನ ಕಿವಿಯ ತಮಟೆ ಹಿಂದೆ ನೀರು ತುಂಬಿಕೊಂಡಿತ್ತು. ನೋವಿಲ್ಲ, ಸೋರುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ನಮ್ಮ ಮಾತೆಲ್ಲ ಅವನಿಗೆ ಗೋಡೆಯಾಚೆಯಿಂದ ಬಂದ ಹಾಗೆ. ಅದು ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಹೋಗಿತ್ತು. ಮಂದ ಅಂದುಕೊಂಡು ನಾನು ಅವನ ಜೊತೆ ಮಾತಾಡುವುದನ್ನೇ ಕಮ್ಮಿ ಮಾಡಿದ್ದೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಮಾತು ತಡ ಅಂತ ಬುದ್ಧಿ ಅಳೆಯಬೇಡ. ಆ ಐಕ್ಯೂ ಪರೀಕ್ಷೆಯ ಮೂಲವೇ ಬೇರೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ, ಸಿಮೋನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಂಥದ್ದೊಂದನ್ನು ಮೊದಲು ಮಾಡಿದ್ದು ಶಾಲೆಯಲ್ಲಿ ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳಿಯುವುದಕ್ಕೆ, ಹಣೆಗೆ ಚೀಟಿ ಅಂಟಿಸುವುದಕ್ಕಲ್ಲ.

ನಮ್ಮ ದೊಡ್ಡವನಿಗೆ ಮಾತು ಬಾರದಿದ್ದಾಗ ಎಲ್ಲರೂ ಅಂದದ್ದು ನನ್ನನ್ನೇ. ಮನೆಯಲ್ಲಿ ಎರಡು ಭಾಷೆ ಆಡಿ ಮಗುವಿನ ತಲೆ ಕೆಡಿಸಿದ್ದೀಯ ಅಂದರು. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುವುದಿಲ್ಲ. ಎರಡರ ಪದಗಳನ್ನೂ ಸೇರಿಸಿ ಎಣಿಸಬೇಕು, ಅಷ್ಟೇ. ಆದರೆ ಅವರ ಮಾತು ಕೇಳಿ ನಿಮ್ಮ ದೊಡ್ಡಪ್ಪ ಅವನ ಜೊತೆ ತಮ್ಮ ಭಾಷೆಯನ್ನೇ ಬಿಟ್ಟರು. ಕೊನೆತನಕ ಆ ಭಾಷೆಯೊಂದೇ ಬರುತ್ತಿದ್ದ ಅಜ್ಜಿಯೂ ಮೊಮ್ಮಗನೂ ಕೈಸನ್ನೆಯಲ್ಲೇ ಮಾತಾಡಿದರು. ಅಂದವರು ಒಬ್ಬರಾದರೂ ಆಮೇಲೆ ಬಂದು ತಪ್ಪಾಯಿತು ಅಂದರಾ? ಇಲ್ಲ.

ಅಯ್ಯೋ, ಹೇಳಬೇಕಾದ್ದನ್ನೇ ಬಿಟ್ಟೆ. ಈ ವಾರವೇ ಕಿವಿ ಪರೀಕ್ಷೆ ಮಾಡಿಸು. ಚಪ್ಪಾಳೆ ತಟ್ಟಿದರೆ ತಿರುಗುತ್ತಾನೆ, ಕೇಳಿಸುತ್ತೆ ಅಂತ ಸುಮ್ನೆ ಕೂರಬೇಡ, ನಾವು ಮೋಸ ಹೋದದ್ದೇ ಅಲ್ಲಿ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು, ಎರಡು ಪದ ಜೋಡಿಸಿ ಆಡಬೇಕು. ಹಾಗಾಗಿ ತಾನಾಗೇ ಬರುತ್ತೆ ಅಂತ ಕಾಯುವುದೂ ಬೇಡ, ಸ್ಪೀಚ್ ಥೆರಪಿಸ್ಟ್‌ಗೂ ತೋರಿಸು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ, ಹೇಳಿದ್ದು ಅರ್ಥವಾಗುತ್ತಾ, ಎಲ್ಲ ಬರೆದುಕೊಂಡು ಹೋಗು. ಮೊದಲು ಆಡುತ್ತಿದ್ದ ಪದವನ್ನು ಈಗ ಬಿಟ್ಟಿದ್ದಾನೆ ಅನ್ನಿಸಿದರೆ ಒಂದು ದಿನವೂ ತಡ ಮಾಡಬೇಡ. ಹೋಗುವ ದಿನ ಹೇಳು, ನಾನೂ ಜೊತೆಗೆ ಬರುತ್ತೇನೆ.