‘ಫುಲ್ ಇನ್ಶೂರೆನ್ಸ್’‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಕಾರು ಕೊಂಡವರಿಗಾಗಿ ವಿಮೆ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

‘ಥರ್ಡ್ ಪಾರ್ಟಿ’ಗೆ ‘ಮೂರನೆಯವರ ವಿಮೆ’ ಎಂದು ಬರೆದಿದ್ದೇನೆ. ಮಾಲೀಕ ಒಬ್ಬ, ಕಂಪನಿ ಇನ್ನೊಬ್ಬ, ನಮ್ಮ ಕಾರು ಗುದ್ದಿ ಪೆಟ್ಟು ತಿಂದವರು ಮೂರನೆಯವರು. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಇದನ್ನೇ. ನಮ್ಮ ಕಾರಿನ ರಿಪೇರಿಗೆ ಇದರಿಂದ ಒಂದು ರೂಪಾಯಿಯೂ ಬರಲ್ಲ.

ತೊಡಕು ಇರುವುದು ‘ಫುಲ್ ಇನ್ಶೂರೆನ್ಸ್’‌ನಲ್ಲಿ. ಜನ ಹೀಗೆ ಕರೆಯುವುದು ಮೂರನೆಯವರ ವಿಮೆ ಜೊತೆಗೆ ಸ್ವಂತ ಗಾಡಿಯ ಹಾನಿಯೂ ಸೇರಿದ ಪಾಲಿಸಿಗೆ. ಅಪಘಾತ, ಕಳವು, ಬೆಂಕಿ, ನೆರೆ, ಗಲಭೆ ಎಲ್ಲ ಇದರಲ್ಲಿ ಬರುತ್ತವೆ. ಸವೆತ, ತಾನಾಗಿ ಕೆಟ್ಟು ನಿಂತ ಇಂಜಿನ್, ಕುಡಿದು ಓಡಿಸಿ ಮಾಡಿಕೊಂಡ ಹಾನಿ ಬರುವುದಿಲ್ಲ. ‘ಸಮಗ್ರ ವಿಮೆ’ ಅಂದರೂ ‘ಫುಲ್’ ಅಂದರೂ ಓದಿದವರು ಎಲ್ಲಕ್ಕೂ ದುಡ್ಡು ಸಿಗುತ್ತೆ ಅಂದುಕೊಳ್ಳುತ್ತಾರೆ, ಅಲ್ವಾ? ‘ಜೋಡಿ ವಿಮೆ’ ಅಂದರೆ ಹೇಗೆ?

ನನಗೆ ಜಾಸ್ತಿ ಚಿಂತೆ ‘ಕಾನ್ಸಿಕ್ವೆನ್ಷಿಯಲ್ ಲಾಸ್’ ಬಗ್ಗೆ, ಅಂದರೆ ಮೊದಲ ಅವಘಡದಿಂದ ನೇರವಾಗಿ ಅಲ್ಲದೆ ಅದರ ನಂತರ ಆಗುವ ಹಾನಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೋ ಕಾರುಗಳು ಮುಳುಗಿದ್ದು ನೆನಪಿರಬೇಕು. ನಿಂತ ಕಾರಿಗೆ ನೀರು ನುಗ್ಗಿ ಸೀಟು, ವೈರಿಂಗ್ ಹಾಳಾದರೆ ಅದು ನೆರೆಯ ಹಾನಿ. ಅದಕ್ಕೆ ಪರಿಹಾರ ಉಂಟು. ಆದರೆ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಇಂಜಿನ್ ಗಾಳಿಯ ಬದಲು ನೀರು ಎಳೆದುಕೊಳ್ಳುತ್ತದೆ. ಸಿಲಿಂಡರ್‌ನೊಳಗೆ ನೀರು ಅಮುಕಿದರೂ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಹೋಗುತ್ತದೆ. ಇದನ್ನು ಸಾಮಾನ್ಯವಾಗಿ ಕಂಪನಿಗಳು ‘ಕಾನ್ಸಿಕ್ವೆನ್ಷಿಯಲ್ ಲಾಸ್’ ಎಂದು ಹೊರಗಿಡುತ್ತವೆ. ಇಂಜಿನ್ ರಕ್ಷಣೆಯ ಆಡ್-ಆನ್ (ಪಾಲಿಸಿಗೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ) ಬೇರೆ ಕೊಳ್ಳಬೇಕು. ‘ಪರಿಣಾಮಾತ್ಮಕ ನಷ್ಟ’ ಎಂದು ಬರೆದರೆ ಯಾರಿಗೂ ಇಷ್ಟು ಹೊಳೆಯಲ್ಲ. ‘ಬೆನ್ನಿಗೇ ಬಂದ ಹಾನಿ’ ಎಂಬುದು ನನಗೆ ಹಿಡಿಸಿದೆ. ಪಕ್ಕದಲ್ಲೇ ‘ನೀರಲ್ಲಿ ನಿಂತ ಕಾರು ಸ್ಟಾರ್ಟ್ ಮಾಡಬೇಡಿ’ ಎಂದೂ ಸೇರಿಸುತ್ತೇನೆ.

ಇನ್ನೊಂದು, ‘ಬಂಪರ್ ಟು ಬಂಪರ್’ ಎಂಬ ಆಡ್-ಆನ್. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗ ಬದಲಿಸಿದರೆ ಶೇ. 50 ಸವಕಳಿ (ಬಳಸಿ ಹಳತಾದ ಭಾಗದ ಬೆಲೆ ಇಳಿಕೆ) ಎಂದು ಕಳೆಯುತ್ತಾರೆ. ಬಂಪರ್‌ನ ಅರ್ಧ ಬೆಲೆ ನಮ್ಮ ತಲೆ ಮೇಲೆ. ಈ ಆಡ್-ಆನ್ ಇದ್ದರೆ ಹಾಗೆ ಕಳೆಯುವುದಿಲ್ಲ. ಆದರೂ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ನಾವು ಕೊಡಬೇಕಾದ ಪಾಲು ಇದ್ದೇ ಇದೆ: 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಹಾಗಾಗಿ ‘ಸವಕಳಿ ಕಳೆಯದ ವಿಮೆ’ ಎಂದೇ ನೇರವಾಗಿ ಬರೆಯೋಣ ಅನಿಸುತ್ತದೆ.

ನಿಮ್ಮ ಊರಿನ ಗ್ಯಾರೇಜು, ಏಜೆಂಟರ ಬಾಯಲ್ಲಿ ಇವಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಮಂಗಳೂರು, ಹುಬ್ಬಳ್ಳಿ ಕಡೆಯವರು ಏನನ್ನುತ್ತೀರಿ?